ಮುಳುಗಿದ ಹೊಲಕ್ಕೆ ಚರಗ

ಮಳೆಗಾಲದ ಹೊಳೆಯನ್ನು ನೋಡಲು ಹೋಗುವವರು ಬೇರೆ, ಶರತ್ಕಾಲದ ಹೊಳೆಯನ್ನು ನೋಡಲು ಹೋಗುವವರು ಬೇರೆ. ಮೊದಲಿನವರಿಗೆ ಬೇಕಾದುದು ಹೊಳೆಯ ಆರ್ಭಟ. ಎರಡನೆಯವರಿಗೆ ಬೇಕಾದುದು ಅದರ ಮುಖ. ಆಷಾಢ ಶ್ರಾವಣಗಳಲ್ಲಿ ಮಲೆನಾಡಿನ ಕೆಮ್ಮಣ್ಣನ್ನೆಲ್ಲ ಕಲಸಿಕೊಂಡು, ಮುರಿದ ಮರ, ಕೊಚ್ಚಿದ ದಡಗಳನ್ನು ಹೊತ್ತುಕೊಂಡು ಬರುವ ತುಂಗಭದ್ರೆ ಆಶ್ವೀಜದ ಹೊತ್ತಿಗೆ ಸಿಟ್ಟಿಳಿದ ಹಿರಿಯರಂತೆ ತಿಳಿಯಾಗುತ್ತಾಳೆ. ಆಗ ಅವಳ ದಂಡೆಯಲ್ಲಿ ಕುಳಿತವನಿಗೆ ನೀರಿನಲ್ಲಿ ಆಕಾಶವೂ ಕಾಣುತ್ತದೆ, ತನ್ನ ಮುಖವೂ ಕಾಣುತ್ತದೆ. ಆ ಎರಡರ ಕೆಳಗೆ ಇನ್ನೂ ಏನೋ ಇದೆಯೆಂಬುದನ್ನು ನನಗೆ ತೋರಿಸಿಕೊಟ್ಟ ಒಂದು ದಿನದ ಪ್ರವಾಸದ ಕಥೆಯನ್ನು ಇಂದು ತಮ್ಮ ಮುಂದೆ ಹೇಳಬೇಕೆಂದಿದ್ದೇನೆ.

ನಾನು ಮುಂಡರಗಿಯವನು. ಪಡುವಣಕ್ಕೆ ಕಪ್ಪತಗುಡ್ಡ, ತೆಂಕಣಕ್ಕೆ ತುಂಗಭದ್ರೆ. ಇವೆರಡರ ನಡುವೆ ನಮ್ಮ ಊರು. ಕೂಡ್ಲಿಯಲ್ಲಿ ತುಂಗೆ ಭದ್ರೆಯರು ಒಂದಾಗಿ, ಗಳಗನಾಥದ ಬಳಿ ವರದೆಯನ್ನು ಕೂಡಿಕೊಂಡು, ನಮ್ಮ ಸೀಮೆಗೆ ಬರುವಷ್ಟರಲ್ಲಿ ಹೊಳೆ ಪ್ರೌಢೆಯಾಗಿರುತ್ತದೆ. ಈ ಹೊಳೆಗೆ ನಮ್ಮ ಭಾಗದಲ್ಲಿ ಒಂದು ವಿಚಿತ್ರವಾದ ಇತಿಹಾಸವಿದೆ. ನಮ್ಮ ತಂದೆಯ ಕಾಲದಲ್ಲಿ ಮುಂಡರಗಿ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಹೊಳೆಯಾಚೆಯ ಹಡಗಲಿ ಮದ್ರಾಸಿಗೆ ಸೇರಿತ್ತು. ಮೂಡಣಕ್ಕೆ ಕೆಲವು ಹರದಾರಿ ನಡೆದರೆ ಕೊಪ್ಪಳ ಸೀಮೆ, ಅದು ಹೈದರಾಬಾದಿನ ನಿಜಾಮರದು. ಒಂದೇ ಹೊಳೆ, ಒಂದೇ ಭಾಷೆ, ಒಂದೇ ಜೋಳದ ರೊಟ್ಟಿ. ಆಡಳಿತಗಳು ಮಾತ್ರ ಮೂರು. ನಿಜಾಮರ ಆಳಿಕೆಯ ವಿರುದ್ಧ ಹೋರಾಡಿದವರು 1947–48ರಲ್ಲಿ ಮುಂಡರಗಿಯಲ್ಲಿ ಶಿಬಿರ ಹೂಡಿದ್ದರು. ಅಳವಂಡಿಯ ಶಿವಮೂರ್ತಿಸ್ವಾಮಿಗಳು ಅದರ ಮುಂದಾಳುಗಳಾಗಿದ್ದರೆಂಬುದು ನಮ್ಮ ಊರಿನ ಹಿರಿಯರು ಅಭಿಮಾನದಿಂದ ಹೇಳುತ್ತಿದ್ದ ಮಾತು.

ಆದರೆ ನಮ್ಮ ಮನೆತನ ಮೂಲತಃ ಮುಂಡರಗಿಯದಲ್ಲ. ನಮ್ಮ ಅಜ್ಜನ ಊರು ಕೊಪ್ಪಳ ಸೀಮೆಯಲ್ಲಿ, ಹೊಳೆಯ ಎಡದಂಡೆಯಲ್ಲಿತ್ತು. 'ಇತ್ತು' ಎಂದು ಹೇಳುತ್ತಿರುವುದನ್ನು ತಾವು ಗಮನಿಸಿರಬಹುದು. ಇಂದು ಆ ಊರು ತುಂಗಭದ್ರಾ ಜಲಾಶಯದ ತಳದಲ್ಲಿದೆ. ಅಲ್ಲಿಂದ ನಮ್ಮ ಮನೆಗೆ ಬಂದ ವಸ್ತು ಒಂದೇ ಒಂದು: ತಲಬಾಗಿಲಿನ ಚೌಕಟ್ಟು ಮತ್ತು ಅದರ ಹೊಸ್ತಿಲು. ಅಜ್ಜ ಅದನ್ನು ಬಿಚ್ಚಿ ಬಂಡಿಯ ಮೇಲೆ ಹೇರಿಕೊಂಡು ಬಂದು ಮುಂಡರಗಿಯ ಮನೆಗೆ ಕೂರಿಸಿದ. ಅದು ಗಿಡ್ಡ ಬಾಗಿಲು. ನಾನು ಎತ್ತರದವನಾದುದರಿಂದ ವಯಸ್ಸಿಗೆ ಬಂದಾಗಿನಿಂದ ಅದಕ್ಕೆ ತಲೆ ಬಡಿಸಿಕೊಳ್ಳುತ್ತಲೇ ಬಂದಿದ್ದೇನೆ. ಮನೆಯನ್ನು ಎರಡು ಸಲ ದುರಸ್ತಿ ಮಾಡಿಸಿದಾಗಲೂ ಬಾಗಿಲನ್ನು ಎತ್ತರಿಸಬೇಕೆಂದು ಹೊರಟು ಎರಡು ಸಲವೂ ಸೋತೆ. ಸೋಲಿಸಿದವಳು ನನ್ನ ಸೋದರತ್ತೆ, ನನ್ನ ತಂದೆಯ ತಂಗಿ.

ಊರು ಬಿಟ್ಟಾಗ ಅತ್ತೆಗೆ ಹತ್ತು ವರುಷ. ಈಗ ಎಂಬತ್ತು ದಾಟಿದ್ದಾಳೆ. ಮಕ್ಕಳು ದೂರದ ಪಟ್ಟಣಗಳಲ್ಲಿದ್ದಾರೆ, ಕರೆದರೂ ಹೋಗಲೊಲ್ಲಳು. ನಮ್ಮ ಮನೆಯಲ್ಲಿಯೇ ಇದ್ದು, ಪ್ರತಿದಿನ ಮುಂಜಾನೆ ಎದ್ದು ಆ ಹೊಸ್ತಿಲನ್ನು ತೊಳೆದು, ಅರಿಸಿನ ಕುಂಕುಮವಿಟ್ಟು, ಅನಂತರವೇ ಚಹದ ಬಟ್ಟಲನ್ನು ಕೈಗೆ ತೆಗೆದುಕೊಳ್ಳುವುದು ಆಕೆಯ ನೇಮ.

2024ರ ದಸರೆಯ ಸೂಟಿಯಲ್ಲಿ ನನ್ನ ಮೊಮ್ಮಗಳು ಊರಿಗೆ ಬಂದಿದ್ದಳು. ಹನ್ನೊಂದು ವರುಷದ ಹುಡುಗಿ. ಬನ್ನಿ ಕೊಟ್ಟು ಬಂಗಾರವೆಂದು ಹೇಳುವ ಹಬ್ಬ ಮುಗಿದಿತ್ತು. ಸೀಗಿ ಹುಣ್ಣಿಮೆಗೆ ಇನ್ನು ಎರಡು ದಿನವಿತ್ತು. ಹುಡುಗಿಯನ್ನು ಎಲ್ಲಿಗಾದರೂ ಒಂದು ದಿನದ ಮಟ್ಟಿಗೆ ಕರೆದುಕೊಂಡು ಹೋಗಬೇಕೆಂಬ ಮಾತು ಬಂತು. ಮುನಿರಾಬಾದಿನ ಪಂಪಾವನಕ್ಕೆ ಹೋಗೋಣವೆಂದು ನಾನು ಸೂಚಿಸಿದೆ. ಅಣೆಕಟ್ಟಿನ ಕೆಳಮಗ್ಗುಲಿನಲ್ಲಿರುವ ಸುಂದರವಾದ ಉದ್ಯಾನ ಅದು. ಮೂಲೆಯಲ್ಲಿ ಕುಳಿತು ಶೇಂಗಾ ಸುಲಿಯುತ್ತಿದ್ದ ಅತ್ತೆ ತಲೆ ಎತ್ತಿದಳು.

"ತಮ್ಮಾ, ಹೋಗೂದ ಇದ್ರ ಸೀಗಿ ಹುಣ್ಣಿಮಿ ದಿನಾನ ಹೋಗೂಣು. ನನ್ನೂ ಕರಕೊಂಡು ನಡಿ. ನಮ್ಮ ಹೊಲಕ್ಕ ಚರಗಾ ಚೆಲ್ಲಬೇಕು."

"ಯಾವ ಹೊಲಾ ಅತ್ತಿ?"

"ನಮ್ಮ ಹೊಲಂದ್ರ ಯಾವುದು? ನಮ್ಮಪ್ಪನ ಹೊಲ" ಎಂದು ಹೇಳಿ ಮತ್ತೆ ಶೇಂಗಾ ಸುಲಿಯತೊಡಗಿದಳು.

ಸೀಗಿ ಹುಣ್ಣಿಮೆಯೆಂದರೇನೆಂಬುದನ್ನು ಪಟ್ಟಣದ ಶ್ರೋತೃಗಳಿಗೆ ಎರಡು ಮಾತಿನಲ್ಲಿ ಹೇಳಬೇಕು. ಆಶ್ವೀಜದ ಹುಣ್ಣಿಮೆ ಅದು. ಹೊಲದಲ್ಲಿ ಪೈರು ತೆನೆಗಟ್ಟುವ ಕಾಲ. ನಮ್ಮ ಒಕ್ಕಲು ಮಕ್ಕಳ ದೃಷ್ಟಿಯಲ್ಲಿ ಆಗ ಭೂಮಿತಾಯಿ ಬಸುರಿ. ಬಸುರಿಗೆ ಬಯಕೆಯ ಅಡಿಗೆ ಮಾಡಿ ಹಾಕಬೇಕಲ್ಲವೆ? ಕಡಬು, ಹೋಳಿಗೆ, ಸಜ್ಜಿಯ ರೊಟ್ಟಿ, ಪುಂಡಿಯ ಪಲ್ಯ, ಎಣ್ಣೆಗಾಯಿ, ಬುತ್ತಿ ಎಲ್ಲವನ್ನೂ ಮಾಡಿ ಬುಟ್ಟಿಯಲ್ಲಿಟ್ಟುಕೊಂಡು ಹೊಲಕ್ಕೆ ಹೋಗುತ್ತಾರೆ. ಐದು ಕಲ್ಲುಗಳನ್ನು ಸಾಲಾಗಿ ಇಟ್ಟು ಪಾಂಡವರೆಂದು ಪೂಜಿಸಿ, ಮಾಡಿದ ಅಡಿಗೆಯಲ್ಲಿ ಸ್ವಲ್ಪ ಸ್ವಲ್ಪ ತೆಗೆದು ಹೊಲದ ನಾಲ್ಕೂ ದಿಕ್ಕಿಗೆ ಚೆಲ್ಲುತ್ತಾರೆ. ಅದೇ ಚರಗ. ಆ ಮೇಲೆ ಎಲ್ಲರೂ ಹೊಲದಲ್ಲಿಯೇ ಕುಳಿತು ಉಣ್ಣುತ್ತಾರೆ. ಅಂದರೆ ಚರಗಕ್ಕೆ ಹೊಲ ಬೇಕು, ಹೊಲದಲ್ಲಿ ಬೆಳೆ ಬೇಕು. ಎಪ್ಪತ್ತು ವರುಷಗಳಿಂದ ನೀರಿನ ಕೆಳಗಿರುವ ನೆಲಕ್ಕೆ ಚರಗ ಚೆಲ್ಲುವುದು ಹೇಗೆ? ನನಗೆ ತಿಳಿಯಲಿಲ್ಲ. ಆದರೆ ಎಂಬತ್ತು ದಾಟಿದವರು ಬೇಡಿದ್ದನ್ನು ತರ್ಕಕ್ಕೆ ಹಚ್ಚುವುದು ಸಲ್ಲ. ಹೂಂ ಎಂದೆ.

ಮರುದಿನವೆಲ್ಲ ಅಡಿಗೆಮನೆಯಲ್ಲಿ ಸಡಗರ. ಹುಣ್ಣಿಮೆಯ ನಸುಕಿನಲ್ಲಿ ಒಂದು ಬಾಡಿಗೆಯ ಕಾರಿನಲ್ಲಿ ನಾನು, ನನ್ನಾಕೆ, ಮೊಮ್ಮಗಳು, ಅತ್ತೆ ನಾಲ್ವರು ಹೊರಟೆವು. ಬುಟ್ಟಿಯನ್ನು ಹಿಂದೆ ಇಡಲು ಅತ್ತೆ ಒಪ್ಪಲಿಲ್ಲ. ತೊಡೆಯ ಮೇಲೆಯೇ ಇಟ್ಟುಕೊಂಡು ಕುಳಿತಳು.

ಅಳವಂಡಿಯ ಮಾರ್ಗವಾಗಿ ಕೊಪ್ಪಳಕ್ಕೆ ಹೋಗುವ ದಾರಿ ಅದು. ಎರಡೂ ಮಗ್ಗುಲಿಗೆ ಎರೆಯ ಹೊಲಗಳು, ನಡುನಡುವೆ ಮಸಾರಿ ನೆಲ. ಅಲ್ಲಲ್ಲಿ ಹಳದಿಯಾಗಿ ನಿಂತ ಸೂರ್ಯಕಾಂತಿ, ಬಿಳಿಯ ಕಾಯಿ ಬಿಚ್ಚುತ್ತಿದ್ದ ಹತ್ತಿ, ಕೊಯ್ಲಿಗೆ ಬಂದ ಗೋವಿನಜೋಳ. ಹೊತ್ತು ಏರಿದಂತೆ ಹೊಲಗಳ ಕಡೆಗೆ ಬುಟ್ಟಿ ಹೊತ್ತು ಹೊರಟ ಹೆಣ್ಣುಮಕ್ಕಳು, ಸಿಂಗರಿಸಿದ ಎತ್ತುಗಳು, ಎತ್ತುಗಳಿಲ್ಲದವರ ಟ್ರ್ಯಾಕ್ಟರುಗಳಿಗೂ ಹೂವಿನ ಮಾಲೆ. ಅಳವಂಡಿಯನ್ನು ದಾಟುವಾಗ ಅತ್ತೆ ಹೊರಗೆ ಕೈತೋರಿಸಿ ಮೊಮ್ಮಗಳಿಗೆ ಹೇಳಿದಳು:

"ಇಲ್ಲಿಗೆ ಬಂದಾಗ ನಮ್ಮ ಬಂಡಿ ಎತ್ತು ಮುಗ್ಗರಿಸಿ ಬಿದ್ದಿತ್ತು ನೋಡು. ನಮ್ಮಪ್ಪ ಎತ್ತಿಗೆ ಹೊಡೀಲಿಲ್ಲ. ಅದರ ಕೊಳ್ಳು ಹಿಡಕೊಂಡು ಅತ್ತಾ. ಅಪ್ಪ ಅತ್ತದ್ದು ನಾ ಅವತ್ತ ಮೊದಲು ನೋಡಿದ್ದು."

ನಮ್ಮ ಅಜ್ಜ ಅತ್ತ ಸಂಗತಿ ನನಗೂ ಅಂದೇ ಮೊದಲು ತಿಳಿದದ್ದು. ನಾನು ಕಂಡ ಅಜ್ಜ ಮಾತಿಲ್ಲದ ಮನುಷ್ಯ. ಊರಿನ ಸುದ್ದಿ ತೆಗೆದರೆ ಒಂದೇ ಮಾತು ಹೇಳುತ್ತಿದ್ದ. ನೆಲಕ್ಕೆ ಬಂದ ಪರಿಹಾರ ಹೈದರಾಬಾದಿನ ಹಾಲಿ ಸಿಕ್ಕಾದಲ್ಲಿ. ಮುಂಡರಗಿಯಲ್ಲಿ ನಡೆಯುತ್ತಿದ್ದುದು ಕಲದಾರ ರೂಪಾಯಿ. ಏಳು ಹಾಲಿ ಕೊಟ್ಟರೆ ಆರು ಕಲದಾರ. "ಏಳು ಹೊಲ ಕೊಟ್ಟು ಆರು ಹೊಲ ತಂದಂಗ ಆತು" ಎಂದು ನಕ್ಕುಬಿಡುತ್ತಿದ್ದ. ಆ ನಗೆಯ ಹಿಂದೆ ಏನಿತ್ತೆಂಬುದನ್ನು ಕೇಳಬೇಕೆಂದು ನನಗೆ ತೋಚಿರಲಿಲ್ಲ.

ಈ ಅಣೆಕಟ್ಟನ್ನು ಯಾರೂ ಕೇಡಿಗಾಗಿ ಕಟ್ಟಲಿಲ್ಲವೆಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ಬಳ್ಳಾರಿ, ರಾಯಚೂರು, ರಾಯಲಸೀಮೆಗಳು ಬರಗಾಲದ ಬೀಡುಗಳಾಗಿದ್ದವು. 1876–78ರ ಮಹಾಕ್ಷಾಮ ಈ ಸೀಮೆಯನ್ನು ಮಸಣ ಮಾಡಿತ್ತು. ಅದಕ್ಕೂ ಮೊದಲು, 1860ರ ಸುಮಾರಿನಲ್ಲಿಯೇ, ಸರ್ ಆರ್ಥರ್ ಕಾಟನ್ ತುಂಗಭದ್ರೆಗೆ ಕಟ್ಟೆ ಕಟ್ಟುವ ಸೂಚನೆ ಮಾಡಿದ್ದ. ಮದ್ರಾಸು ಹೈದರಾಬಾದುಗಳ ನಡುವಣ ಮಾತುಕತೆ ದಶಕಗಳ ಕಾಲ ಎಳೆದು, 1945ರ ಫೆಬ್ರುವರಿಯಲ್ಲಿ ಹೊಳೆಯ ಎರಡೂ ದಂಡೆಗಳಲ್ಲಿ ಅಡಿಗಲ್ಲು ಬಿತ್ತು. ಮದ್ರಾಸಿನ ಕಡೆಯಿಂದ ತಿರುಮಲೆ ಅಯ್ಯಂಗಾರರಂಥ ಎಂಜಿನಿಯರರು ದುಡಿದರು. ಸುಮಾರು ಎರಡೂವರೆ ಕಿಲೋಮೀಟರ್ ಉದ್ದದ ಕಲ್ಲುಗಾರೆಯ ಕಟ್ಟೆ, 33 ಬಾಗಿಲುಗಳು. 1953ರಲ್ಲಿ ಕಾಲುವೆಗಳಿಗೆ ನೀರು ಹರಿಯಿತು. ನೋಡನೋಡುತ್ತ ಬರದ ಸೀಮೆ ಭತ್ತದ ಸೀಮೆಯಾಯಿತು. ಲಕ್ಷಾಂತರ ಒಲೆಗಳು ಆ ನೀರಿನಿಂದ ಉರಿದವು, ಇಂದಿಗೂ ಉರಿಯುತ್ತಿವೆ.

ಇದು ಲೆಕ್ಕದ ಒಂದು ಮಗ್ಗುಲು. ಇನ್ನೊಂದು ಮಗ್ಗುಲಿನಲ್ಲಿ ಸುಮಾರು 378 ಚದರ ಕಿಲೋಮೀಟರ್ ನೀರು, ಅದರ ಕೆಳಗೆ 90ರಷ್ಟು ಹಳ್ಳಿಗಳು, ಎದ್ದುಹೋದ 50,000ಕ್ಕೂ ಮಿಕ್ಕ ಜನ. ಬಲದಂಡೆಯ ನಾರಾಯಣದೇವರಕೆರೆ ದೊಡ್ಡ ಊರಾಗಿತ್ತು, ಅದೂ ಮುಳುಗಿತು. ಅಲ್ಲಿಯವರು ತಮ್ಮ ದೇವರುಗಳನ್ನು ಮರಿಯಮ್ಮನಹಳ್ಳಿಗೆ ತಂದು ನೆಲೆಗೊಳಿಸಿದರು. ಇಂದು ಅಲ್ಲಿ ಲಕ್ಷ್ಮೀನಾರಾಯಣ ಆಂಜನೇಯರ ಜೋಡಿ ತೇರು ಎಳೆಯುತ್ತಾರೆ. ದೇವರನ್ನು ತರಲು ಸಾಧ್ಯವಾದವರು ದೇವರನ್ನು ತಂದರು. ನಮ್ಮ ಅಜ್ಜ ಬಾಗಿಲನ್ನು ತಂದ. ಹೊಲವನ್ನು ಮಾತ್ರ ಯಾರೂ ತರಲಾಗಲಿಲ್ಲ.

ಹನ್ನೊಂದರ ಸುಮಾರಿಗೆ ಮುನಿರಾಬಾದನ್ನು ತಲುಪಿದೆವು. ಹುಣ್ಣಿಮೆಯಾದುದರಿಂದ ಹತ್ತಿರದ ಹುಲಿಗಿಯ ಹುಲಿಗೆಮ್ಮನಿಗೆ ನಡೆದುಕೊಳ್ಳುವವರ ಸಂದಣಿ ದಾರಿಯುದ್ದಕ್ಕೂ ಇತ್ತು. ಅತ್ತೆ ಕಾರಿನಿಂದಲೇ ಕೈಮುಗಿದಳು. ಪಂಪಾವನದ ಒಳಗೆ ಕಾಲಿಟ್ಟಾಗ ಹೊರಗಿನ ಗದ್ದಲವೆಲ್ಲ ಹಿಂದೆ ಉಳಿಯಿತು. ಎತ್ತರವಾದ ಮರಗಳು, ಕತ್ತರಿಸಿದ ಹಸಿರು, ಇಳಿಜಾರಿನ ಹಾದಿಗಳು, ಮಕ್ಕಳ ಜೋಕಾಲಿ. ಶರತ್ಕಾಲದ ಬಿಸಿಲಿಗೆ ಒಂದು ಸೌಜನ್ಯವಿದೆ. ಎಲೆಗಳ ನಡುವಿನಿಂದ ಬರುವಾಗ ಅದು ಕೇಳಿಕೊಂಡು ಬಂದಂತೆ ಬರುತ್ತದೆ. ಕುಟುಂಬಗಳು ಅಲ್ಲಲ್ಲಿ ಚಾದರ ಹಾಸಿ ಬುತ್ತಿ ಬಿಚ್ಚಿದ್ದವು. ಹುಡುಗರು ಚೆಂಡಾಡುತ್ತಿದ್ದರು. ಮೊಮ್ಮಗಳು ಜೋಕಾಲಿಯ ಕಡೆಗೆ ಓಡಿದಳು.

ಈ ಉದ್ಯಾನವೂ ಒಮ್ಮೆ ಮುಳುಗಿತ್ತು. 2019ರ ಆಗಸ್ಟಿನಲ್ಲಿ ಹೊಳೆ ಉಕ್ಕಿ ಉತ್ತರ ಕರ್ನಾಟಕವೆಲ್ಲ ತತ್ತರಿಸುತ್ತಿದ್ದಾಗ ಎಡದಂಡೆಯ ಮೇಲ್ಮಟ್ಟದ ಕಾಲುವೆಯ ಬಾಗಿಲು ಕಿತ್ತು, ನೀರು ಪಂಪಾವನದೊಳಗೆ ನುಗ್ಗಿತ್ತು. ಆಗ ಪತ್ರಿಕೆಗಳಲ್ಲಿ ಬಂದ ಚಿತ್ರ ನನಗೆ ನೆನಪಿದೆ: ಗಿಡಗಳ ತಲೆಗಳಷ್ಟೇ ಕಾಣುತ್ತಿದ್ದವು, ಉಳಿದುದೆಲ್ಲ ಕೆಂಪು ನೀರು. ಐದು ವರುಷಗಳಲ್ಲಿ ಆ ಗಾಯ ಮಾಯ್ದು, ಹುಲ್ಲು ಚಿಗುರಿ, ಹೊಸಬರಿಗೆ ಇಲ್ಲಿ ಪ್ರವಾಹ ಬಂದಿತ್ತೆಂಬುದರ ಗುರುತು ಹತ್ತದಂತಾಗಿತ್ತು. ಇದನ್ನು ನಾನು ಅತ್ತೆಗೆ ಹೇಳಿದೆ. ಆಕೆ ಬೇವಿನ ಮರಕ್ಕೆ ಒರಗಿ ಕುಳಿತು ಸುತ್ತಲೂ ನೋಡಿದಳು.

"ತ್ವಾಟಕ್ಕ ನೀರು ಬಂದ್ರ ನೀರು ಇಳೀತೈತಿ, ತ್ವಾಟ ಮತ್ತ ಎದ್ದು ನಿಂದರತೈತಿ. ಊರಿಗೆ ಬಂದ ನೀರು ಇಳೀಲೇ ಇಲ್ಲಲ್ಲ ತಮ್ಮಾ."

ನಾನು ಬುಟ್ಟಿಯ ಕಡೆಗೆ ನೋಡಿ, ಇಲ್ಲಿಯೇ ಒಂದು ಮರದ ಬುಡದಲ್ಲಿ ಪೂಜೆ ಮಾಡಿ ಚರಗ ಚೆಲ್ಲಿದರೆ ಹೇಗೆಂದು ಕೇಳಿದೆ. ಆಕೆ ತಲೆ ಅಲ್ಲಾಡಿಸಿದಳು. ಮರಗಳ ಸಂದಿಯಿಂದ ಕಾಣುತ್ತಿದ್ದ ಕಟ್ಟೆಯ ಕಡೆಗೆ ಬೆರಳು ಮಾಡಿದಳು.

"ಇದು ಕೆಳಗಿನ ನೀರು. ನಮ್ಮೂರು ಮ್ಯಾಲಿನ ನೀರಾಗ ಐತಿ."

ನಿಜವಾದ ಮಾತು. ಅಣೆಕಟ್ಟಿನ ಕೆಳಗೆ ಉದ್ಯಾನ, ಮೇಲೆ ಹಳ್ಳಿ. ಪ್ರವಾಸಿಗಳಾದ ನಾವು ಕಟ್ಟೆಯ ಒಂದು ಮುಖವನ್ನೇ ನೋಡಿ, ಚಿತ್ರ ತೆಗೆದುಕೊಂಡು ತೃಪ್ತರಾಗಿ ಮನೆಗೆ ಹೋಗುತ್ತೇವೆ.

ನೆರಳಿನಲ್ಲಿ ತುಸು ದಣಿವಾರಿಸಿಕೊಂಡು, ಅಲ್ಲಿಂದ ಹೊರಟು ಹಿನ್ನೀರಿನ ಕಡೆಗೆ ಕಾರು ತಿರುಗಿಸಿದೆವು. ಕೇಳುತ್ತ ಕೇಳುತ್ತ, ಡಾಂಬರು ಬಿಟ್ಟು, ಬಂಡಿಯ ಜಾಡಿನಂಥ ಮಣ್ಣು ಹಾದಿಯಲ್ಲಿ ಇಳಿದು, ಕೊನೆಗೆ ಕಾರು ಮುಂದೆ ಹೋಗಲಾರದ ಜಾಗದಲ್ಲಿ ಇಳಿದು ನಡೆದೆವು. ಒಂದು ಹೊಲದ ಬದುವನ್ನು ಏರಿದಾಗ ಎದುರಿಗೆ ನೀರು ಕಂಡಿತು. ನೀರೆಂದರೆ ಬರೀ ನೀರು. ಆ ದಂಡೆ ಕಾಣದು. ಆಕಾಶದ ಚೂರುಮೋಡಗಳು ಅದರೊಳಗೆ ಮೆಲ್ಲಗೆ ಸರಿಯುತ್ತಿದ್ದವು. ಬೆಳ್ಳಕ್ಕಿಗಳ ಒಂದು ಸಾಲು ಅಂಚಿನಲ್ಲಿ ನಿಂತಿತ್ತು. ಜಲಾಶಯ ಆಗ ತುಂಬಿತ್ತು. ಮೊದಲಿಗೆ ಅದು ಸುಮಾರು 133 ಟಿ.ಎಂ.ಸಿ. ನೀರು ಹಿಡಿಯುತ್ತಿತ್ತಂತೆ, ಹೂಳು ತುಂಬಿ ಇಂದು ಹಿಡಿಯುವುದು 105ರಷ್ಟು ಮಾತ್ರ. ಮಲೆನಾಡಿನ ಮಣ್ಣು ಎಪ್ಪತ್ತು ವರುಷಗಳಿಂದ ನಮ್ಮ ಅಜ್ಜನ ಹೊಲದ ಮೇಲೆ ಪದರ ಪದರವಾಗಿ ಕುಳಿತುಕೊಳ್ಳುತ್ತಿದೆ. ಅತ್ತೆ ನೋಡಿದ ಎರೆ ಇನ್ನು ನೀರಿಳಿದರೂ ಸಿಕ್ಕುವುದಿಲ್ಲ.

ಬದುವಿನ ಈಚೆಗೆ ಒಬ್ಬ ಯುವಕ ಹೆಂಡತಿ ಮಕ್ಕಳೊಡನೆ ಚರಗ ಚೆಲ್ಲಿ ಊಟಕ್ಕೆ ಕುಳಿತಿದ್ದ. ನಮ್ಮನ್ನು ನೋಡಿ ಎದ್ದುಬಂದ. ಅತ್ತೆ ತನ್ನ ಊರಿನ ಹೆಸರು ಹೇಳಿದಳು. ಆತ ಒಂದು ಕ್ಷಣ ಸುಮ್ಮನಿದ್ದು, ನೀರಿನ ನಡುವೆ ಒಂದು ಕಡೆಗೆ ಕೈತೋರಿಸಿದ.

"ಅಲ್ಲಿ ಬರತೈತ್ರಿ ಅಜ್ಜಿ. ಬ್ಯಾಸಿಗ್ಯಾಗ ಭಾಳ ನೀರು ಸರಿದ್ರ ಬಾವಿ ಕಟ್ಟಿ, ಗುಡಿ ತಳಪಾಯ ಕಾಣತಾವ. ಚರಗಾ ಚೆಲ್ಲಾಕ ಬಂದೀರಿ? ನಮ್ಮ ಹೊಲದಾಗ ಚೆಲ್ರಿ. ಹೊಲ ಯಾರದಾದ್ರೇನು?"

ಅತ್ತೆ ಆತನ ಗಲ್ಲ ಸವರಿ ನೆಟಿಗೆ ಮುರಿದಳು. ನೀರಿನ ಅಂಚಿನಲ್ಲಿ ಕುಳಿತು, ಮೊಮ್ಮಗಳು ಆರಿಸಿ ತಂದ ಐದು ಕಲ್ಲುಗಳನ್ನು ತೊಳೆದು ಸಾಲಾಗಿ ಇಟ್ಟಳು. ಅರಿಸಿನ, ಕುಂಕುಮ, ಊದಿನಕಡ್ಡಿ. ಬುಟ್ಟಿ ಬಿಚ್ಚಿ ಎಲ್ಲ ಅಡಿಗೆಯಲ್ಲಿಯೂ ಸ್ವಲ್ಪ ಸ್ವಲ್ಪ ತೆಗೆದು ಕಲಸಿ ಎರಡು ಪಾಲು ಮಾಡಿದಳು. ಒಂದು ಪಾಲನ್ನು ಆ ಯುವಕನ ಹೊಲದ ಸಾಲುಗಳಿಗೆ ಚೆಲ್ಲಿಬರಲು ಮೊಮ್ಮಗಳ ಕೈಗೆ ಕೊಟ್ಟಳು. ಇನ್ನೊಂದನ್ನು ತಾನು ಹಿಡಿದು, ಸೀರೆಯ ನಿರಿಗೆಯನ್ನು ಎತ್ತಿಕೊಂಡು, ಮೊಳಕಾಲಿನವರೆಗೆ ನೀರಿಗಿಳಿದಳು. ನಾನು ಹಿಂದಿನಿಂದ ರಟ್ಟೆ ಹಿಡಿದು ನಿಂತಿದ್ದೆ. ಆಕೆ ನಾಲ್ಕೂ ದಿಕ್ಕಿಗೆ ಚೆಲ್ಲಿದಳು. ಅನ್ನದ ಅಗುಳುಗಳು ಬಿದ್ದಲ್ಲಿ ಸಣ್ಣ ಮೀನುಗಳು ಗುಂಪಾಗಿ ಬಂದವು.

ಚೆಲ್ಲಿ ಮುಗಿದ ಮೇಲೂ ಆಕೆ ಮೇಲಕ್ಕೆ ಬರಲಿಲ್ಲ. ಅಲ್ಲಿಯೇ ನಿಂತು, ನನ್ನ ಕಡೆಗೆ ತಿರುಗದೆ, ಮೆಲುದನಿಯಲ್ಲಿ ಮಾತನಾಡಿದಳು. ಈ ಭಾಷಣವನ್ನು ನಾನು ಬರೆಯಲು ಕುಳಿತದ್ದೇ ಆ ಮಾತಿಗಾಗಿ. ಆದರೆ ಅದು ಅರ್ಥವಾಗಬೇಕಾದರೆ ಎರಡು ತಿಂಗಳು ಹಿಂದಕ್ಕೆ ಹೋಗಬೇಕು.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಬಾಗಿಲಿನ ಸರಪಣಿ ತುಂಡಾಗಿ, ಆ ಬಾಗಿಲು ಕೊಚ್ಚಿಕೊಂಡುಹೋದದ್ದು ತಮಗೆಲ್ಲ ನೆನಪಿದೆ. ತುಂಬಿದ ಜಲಾಶಯ. ಹೊಸ ತಡೆ ಇಳಿಸಬೇಕಾದರೆ ನೀರಿನ ಮಟ್ಟ ಇಳಿಯಬೇಕು. ಅದಕ್ಕಾಗಿ ಉಳಿದ ಬಾಗಿಲುಗಳನ್ನೂ ತೆರೆದು ನೀರನ್ನು ಹೊರಕ್ಕೆ ಬಿಡಬೇಕಾಯಿತು. ಮೂರು ರಾಜ್ಯಗಳ ರೈತರು ತಮ್ಮ ಬೆಳೆಯ ಜೀವ ಕಣ್ಣೆದುರಿಗೆ ಹರಿದುಹೋಗುವುದನ್ನು ನೋಡುತ್ತ ಕುಳಿತರು. ಇಡೀ ಜಲಾಶಯವೇ ಬರಿದಾಗುವುದೋ ಎಂಬ ಭಯ. ಕನ್ನಯ್ಯ ನಾಯ್ಡು ಎಂಬ ಹಿರಿಯ ತಜ್ಞರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲಿಯೇ ಉಕ್ಕಿನ ಹಲಗೆಗಳನ್ನು ಒಂದರ ಮೇಲೊಂದು ಇಳಿಸಿ, ಸುಮಾರು ಒಂದು ವಾರದಲ್ಲಿ ಆ ಬಾಯಿಯನ್ನು ಮುಚ್ಚಿದರು. ಅನಂತರ ಮಳೆ ಕೈಹಿಡಿಯಿತು. ಸೆಪ್ಟಂಬರಿನಲ್ಲಿ ಜಲಾಶಯ ಮತ್ತೆ ತುಂಬಿತು.

ಆ ಒಂದು ವಾರ ಅತ್ತೆ ಟಿ.ವಿ.ಯ ಮುಂದಿನಿಂದ ಏಳಲಿಲ್ಲ. ಊಟವನ್ನೂ ಅಲ್ಲಿಯೇ ಮಾಡಿದಳು. ಎಷ್ಟು ನೀರು ಹೋಯಿತು, ಎಷ್ಟು ಉಳಿಯಿತು ಎಂದು ಗಳಿಗೆ ಗಳಿಗೆಗೆ ಕೇಳುತ್ತಿದ್ದಳು. ಎಲ್ಲರಂತೆ ಆಕೆಯೂ ರೈತರ ಚಿಂತೆಯಲ್ಲಿದ್ದಾಳೆಂದು ನಾನು ತಿಳಿದಿದ್ದೆ. ಈಗ ನೀರಿನಲ್ಲಿ ನಿಂತು ಆಕೆ ಹೇಳಿದ್ದು ಇದು:

"ತಮ್ಮಾ, ಗೇಟು ಕಿತ್ತ ಹ್ವಾದಾಗ ನೀವೆಲ್ಲಾರೂ ನೀರು ಉಳೀಲಿ ಅಂತ ದೇವರ್ನ ಬೇಡಿಕೊಂಡ್ರಿ. ನಾ ಮಾತ್ರ ಹೋಗಲಿ ಅಂದೆ. ಒಂದs ಸಲ ಪೂರಾ ಹೋಗಲಿ, ಸಾಯೂದರಾಗ ನಮ್ಮೂರು ಒಮ್ಮೆ ನೋಡತೀನಿ ಅಂದೆ. ನಾಕನೇ ದಿನಾ ಟೀವಿಯೊಳಗ ಒಬ್ಬಾಕಿ, ಭತ್ತದ ಗದ್ದಿ ಬದುವಿನ ಮ್ಯಾಲೆ ಕುಂತು ಅಳಾಕತ್ತಿದ್ಲು. ನಮ್ಮವ್ವ ಊರು ಬಿಡೂ ಮುಂದ ಹಂಗs ಕುಂತು ಅತ್ತಿದ್ಲು. ಆಕೀನ್ನ ನೋಡಿ ನನಗ ಮೈಯೆಲ್ಲಾ ನಾಚಿಕಿ ಆತು. ನಮ್ಮ ಅನ್ನ ಹ್ವಾದದ್ದಕ್ಕ ಇನ್ನೊಬ್ಬಾಕೀ ಅನ್ನಾನೂ ಹೋಗಲಿ ಅಂದ್ನಲ್ಲ. ಯಾರಿಗೆ ಹೇಳಲಿ ಇದನ್ನ? ಅದಕ್ಕs ಬಂದೆ. ಹೊಲಕ್ಕ ಚರಗಾ, ನೀರಿಗೆ ತಪ್ಪಾತು ಅಂತ."

ನಾನು ಮೂವತ್ತು ವರುಷ ಕಾಲೇಜಿನಲ್ಲಿ ಪಾಠ ಹೇಳಿದವನು. ಅಭಿವೃದ್ಧಿ, ತ್ಯಾಗ, ಬಹುಜನಹಿತ ಎಂಬ ಮಾತುಗಳನ್ನು ಎಷ್ಟು ಸಭೆಗಳಲ್ಲಿ ಆಡಿದ್ದೇನೋ ಲೆಕ್ಕವಿಲ್ಲ. ಎಪ್ಪತ್ತು ವರುಷ ತನ್ನ ನಷ್ಟವನ್ನು ಯಾರಿಗೂ ಹೇಳದೆ ಹೊಸ್ತಿಲು ತೊಳೆದ ಹೆಂಗಸು, ಒಂದು ರಾತ್ರಿ ಮನಸ್ಸಿನಲ್ಲಿ ಸುಳಿದ ಒಂದು ಆಸೆಗಾಗಿ ನೀರಿನ ಕ್ಷಮೆ ಕೇಳುತ್ತಿದ್ದಳು. ಆಕೆಯ ಕ್ಷಮೆಯನ್ನು ಯಾರಾದರೂ ಎಂದಾದರೂ ಕೇಳಿದ್ದರೆ? ಆ ಪ್ರಶ್ನೆ ಆಕೆಗೆ ಹೊಳೆದಿರಲಿಲ್ಲ. ನನಗೆ ಹೊಳೆಯಿತು, ಅದೂ ಅಷ್ಟು ತಡವಾಗಿ. ಹೇಳಲು ಮಾತು ಸಿಗದೆ, "ಬ್ಯಾಸಿಗ್ಯಾಗ ಬರೂಣು ಅತ್ತಿ. ನೀರು ಸರಿದ್ರ ಊರು ಕಾಣತೈತಂತ" ಎಂದೆ.

"ಬ್ಯಾಡ" ಎಂದಳು. "ನಿಮ್ಮಪ್ಪ ಒಮ್ಮೆ ಬರಗಾಲದಾಗ ಬಂದು ನೋಡಿ ಹ್ವಾದಾ. ಎಂಟ ದಿನಾ ಯಾರ ಕೂಡಾನೂ ಮಾತಾಡಲಿಲ್ಲ. ನಮ್ಮೂರು ಕಾಣಬೇಕಂದ್ರ ಮಂದಿಗೆ ಬರಗಾಲ ಬರಬೇಕು. ಹಂಗ ಕಾಣೂದು ಬ್ಯಾಡ."

ಹೇಳಿ, ನನ್ನ ಕೈ ಹಿಡಿದುಕೊಂಡು ದಂಡೆಗೆ ಬಂದಳು. ಆ ಯುವಕನ ಕುಟುಂಬದವರ ಜೊತೆಗೆ ಪಂಕ್ತಿಯಲ್ಲಿ ಕುಳಿತು ಉಂಡೆವು. ನಮ್ಮ ಹೋಳಿಗೆ ಅವರಿಗೆ, ಅವರ ಕಡಬು ನಮಗೆ. ಅತ್ತೆ ಹೊಟ್ಟೆ ತುಂಬ ಉಂಡಳು. ಯುವಕನ ಹೆಂಡತಿಗೆ ಪುಂಡಿಯ ಪಲ್ಯಕ್ಕೆ ಒಗ್ಗರಣೆ ಸಾಲದೆಂದು ಬುದ್ಧಿ ಹೇಳಿದಳು. ಮೊಮ್ಮಗಳು ಮಾತ್ರ ನೀರನ್ನೇ ನೋಡುತ್ತ, "ಅಜ್ಜೀ, ನಿಮ್ಮ ಮನಿ ಬಾಗಿಲಾ ನಮ್ಮನ್ಯಾಗ ಐತಲ್ಲ, ಹಂಗಾರ ಅಲ್ಲಿ ಮನೀಗೆ ಬಾಗಿಲಾ ಇಲ್ಲೇನು?" ಎಂದು ಕೇಳಿದಳು. ಅತ್ತೆ ನಕ್ಕು, "ಇಲ್ಲವ್ವ. ಅದಕ್ಕs ಮೀನು ಆರಾಮಾಗಿ ಹೋಗಿಬಂದು ಮಾಡತಾವ" ಎಂದಳು.

ಹೊತ್ತು ಇಳಿಯುವಾಗ ಹೊರಟು, ಕತ್ತಲೆಯಲ್ಲಿ ಮುಂಡರಗಿಯನ್ನು ಸೇರಿದೆವು. ಮೋಡದ ಮರೆಯಿಂದ ಚಂದ್ರ ಆಗಾಗ ಇಣಿಕುತ್ತಿದ್ದ. ಮನೆಯೊಳಗೆ ಕಾಲಿಡುವಾಗ ಎಂದಿನಂತೆ ಬಾಗಿಲಿಗೆ ತಲೆ ಬಡಿಯಿತು. ಆ ದಿನ ಅದರ ಮೇಲೆ ಸಿಟ್ಟು ಬರಲಿಲ್ಲ. ಬಾಗಿಲು ಗಿಡ್ಡವಲ್ಲ, ಬಾಗಿ ಬರಬೇಕೆಂಬುದನ್ನು ನಾನು ಕಲಿತಿರಲಿಲ್ಲ.

ಮೊಮ್ಮಗಳು ನೀರು ಕುಡಿಯಲೆಂದು ತಂಬಿಗೆ ತುಂಬಿಕೊಂಡು ಬಂದು, ಅದರೊಳಗೆ ಇಣಿಕಿ ನೋಡಿ ಕೇಳಿದಳು: "ಅಜ್ಜಾ, ಈ ನೀರು ಯಾವೂರಂದು?"

ಹಿಂದಿನ ದಿನವಾಗಿದ್ದರೆ 'ಹೊಳಿ ನೀರು' ಎಂದು ಹೇಳಿ ಸುಮ್ಮನಾಗುತ್ತಿದ್ದೆ. ಆದರೆ ಆ ಪ್ರಶ್ನೆಗೆ ಬೇರೆ ಉತ್ತರವಿತ್ತು, ಮತ್ತು ಅದು ನನಗೆ ಗೊತ್ತಿತ್ತು. ನಮ್ಮ ತಾಲೂಕಿನ ಹಮ್ಮಿಗಿಯ ಬಳಿ, ಸಿಂಗಟಾಲೂರಿನ ವೀರಭದ್ರೇಶ್ವರನ ಸನ್ನಿಧಿಯ ಹೆಸರು ಹೊತ್ತ ಏತ ನೀರಾವರಿ ಯೋಜನೆಗಾಗಿ ತುಂಗಭದ್ರೆಗೆ ಅಡ್ಡಲಾಗಿ ಬ್ಯಾರೇಜು ಕಟ್ಟಿದ್ದಾರೆ. ಅಲ್ಲಿ ನಿಂತ ನೀರು ಈ ಸೀಮೆಯ ಹೊಲಗಳಿಗೂ ಕೊಡಗಳಿಗೂ ಆಧಾರವಾಗಿದೆ. ಆ ನೀರು ನಿಲ್ಲಬೇಕಾದರೆ ದಂಡೆಯ ಊರುಗಳು ಏಳಬೇಕಾಯಿತು. ಅಲ್ಲಿಯ ಜನ ಹೊಸ ನೆಲೆಗಳಿಗೆ ಹೋಗಬೇಕಾಯಿತು. ಇದು ನನ್ನ ಅಜ್ಜನ ಕಾಲದ ಮಾತಲ್ಲ, ನಿಜಾಮರ ಕಾಲದ್ದೂ ಅಲ್ಲ. ನನ್ನ ಕಣ್ಣೆದುರಿಗೆ, ಈ ಶತಮಾನದಲ್ಲಿ ನಡೆದದ್ದು. ನಲ್ಲಿಗೆ ನೀರು ಬಂತೆಂದು ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ಮುಳುಗಿದ ಊರಿನ ಮೊಮ್ಮಗನಾದ ನಾನು, ಮತ್ತೊಂದು ಮುಳುಗಡೆಯ ನೀರು ಕುಡಿಯುವಾಗ ಒಂದು ದಿನವೂ ಆ ಊರುಗಳ ಹೆಸರನ್ನು ನೆನೆದಿರಲಿಲ್ಲ.

ಹುಡುಗಿಯನ್ನು ಹತ್ತಿರ ಕೂರಿಸಿಕೊಂಡು ಹೇಳಿದೆ: "ಬಿದರಹಳ್ಳಿ, ವಿಠಲಾಪುರ, ಗುಮ್ಮಗೋಳ."

ಆಕೆ ಬಾಯಿಪಾಠದಂತೆ ಮೂರನ್ನೂ ಮತ್ತೊಮ್ಮೆ ಹೇಳಿ ನೀರು ಕುಡಿದಳು. ಹೊಸ್ತಿಲಿನ ಬಳಿ, ಬೆಳಕಿಲ್ಲದ ಕಡೆಗೆ ಕುಳಿತಿದ್ದ ಅತ್ತೆ ನಾಲ್ಕನೆಯ ಹೆಸರೊಂದನ್ನು ಮೆಲ್ಲಗೆ ಸೇರಿಸಿದಳು. ಆ ಹೆಸರನ್ನು ನಾನಿಲ್ಲಿ ಹೇಳುವುದಿಲ್ಲ. ತೊಂಬತ್ತರಲ್ಲಿ ಅದು ಯಾವುದಾದರೂ ಆಗಿರಬಹುದು. ತಮ್ಮ ತಂಬಿಗೆಯ ನೀರು ಯಾವ ಊರಿನದೆಂದು ತಿಳಿದವರು ಆ ಜಾಗದಲ್ಲಿ ಆ ಹೆಸರನ್ನು ಇಟ್ಟುಕೊಳ್ಳಲಿ.